ಉದ್ದದ ದೇಶಕ್ಕೆ ಹೊರಡುವ ಮುನ್ನ

ಕಾಳುಮೆಣಸಿನ ಬೆಲೆ ಇಳಿದಾಗಲೆಲ್ಲ ವಿಯೆಟ್ನಾಂ ಹೆಸರು ಹಿಡಿದು ಬಯ್ಯುವುದು ಮಲೆನಾಡಿನ ಬೆಳೆಗಾರರಿಗೆ ರೂಢಿ. ಕೊಪ್ಪದ ಹತ್ತಿರ ತೋಟವಿರುವ ನನ್ನ ಸೋದರಮಾವ ಆ ಬೈಗುಳದಲ್ಲಿ ಯಾರಿಗೂ ಕಡಿಮೆಯಲ್ಲ. ಅಂಥ ಮಾವ ಒಂದು ದಿನ ಫೋನ್ ಮಾಡಿ, “ಎಂತ ಮಾರಾಯ, ನಮ್ಮ ಮೆಣಸಿನ ರೇಟು ಬೀಳಿಸಿದೋರ ಊರು ಒಂದ್ಸಲ ನೋಡ್ಕಂಡು ಬರುವನಾ?” ಎಂದರು. ಟ್ರಾವೆಲ್ಸ್‌ನವರು ಕೊಟ್ಟ ಕಾಗದ ಆಗಲೇ ಅವರ ಕೈಲಿತ್ತು. ಏಳು ದಿನ, ಹನೋಯಿ, ಹಾ ಲಾಂಗ್ ಕೊಲ್ಲಿ, ಡಾ ನಾಂಗ್, ಹೋಯಿ ಆನ್, ಹೋ ಚಿ ಮಿನ್ ಸಿಟಿ, ಎಲ್ಲ ಸೇರಿ ಇಂತಿಷ್ಟು.

ಆ ಕಾಗದವನ್ನು ಪಕ್ಕಕ್ಕಿಟ್ಟು ನಕಾಶೆ ತೆಗೆಯೋಣ ಎಂದೆ. ಹನೋಯಿಯಿಂದ ಹೋ ಚಿ ಮಿನ್ ಸಿಟಿಗೆ, ಅಂದರೆ ಇಂದಿಗೂ ಜನ ಸೈಗಾನ್ ಎಂದೇ ಕರೆಯುವ ಊರಿಗೆ, ರೈಲು ಹಾದಿ 1,726 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ ಮತ್ತೆ ಬೀದರಿಗೆ ಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆದರೆ ಅಗಲ? ನಡುಭಾಗದಲ್ಲಿ ಒಂದು ಕಡೆ ಲಾವೋಸ್ ಗಡಿಗೂ ಸಮುದ್ರಕ್ಕೂ ಐವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಪಡವಲಕಾಯಿಯಂತೆ ನೇತುಬಿದ್ದ ದೇಶ. ಇದನ್ನು ಏಳು ದಿನದಲ್ಲಿ ತುದಿಯಿಂದ ತುದಿಗೆ ‘ಮುಗಿಸುವವರು’ ಮೂರು ವಿಮಾನ ನಿಲ್ದಾಣಗಳನ್ನೂ ಒಂದು ದೋಣಿಯನ್ನೂ ಚೆನ್ನಾಗಿ ನೋಡಿ ಬರುತ್ತಾರೆ. ವಿಯೆಟ್ನಾಂನಲ್ಲಿ ಹವೆ, ಊಟ, ಉಚ್ಚಾರಣೆ ಎಲ್ಲವೂ ಈ ಉದ್ದಕ್ಕೆ ತಕ್ಕಂತೆ ಬದಲಾಗುತ್ತವೆ. ಹೋಗುವವರು ಮೊದಲು ತೀರ್ಮಾನಿಸಬೇಕಾದದ್ದು ಯಾವ ತುಂಡು ಎಂಬುದನ್ನು. ನಾವು ಹತ್ತು ದಿನ ಇಟ್ಟುಕೊಂಡು ಹನೋಯಿಯನ್ನು ಪೂರ್ತಿ ಕೈಬಿಟ್ಟೆವು. ನಡುಭಾಗದಲ್ಲಿ ಶುರುಮಾಡಿ ದಕ್ಷಿಣಕ್ಕೆ ಇಳಿದೆವು. ಹನೋಯಿ ನೋಡದೆ ಬಂದಿರಾ ಎಂದು ಈಗಲೂ ಕೇಳುವವರಿದ್ದಾರೆ.

ತುಂಡು ಆರಿಸುವುದು ತಿಂಗಳ ಮೇಲೆ ನಿಂತಿದೆ. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆಗುಂಬೆಯಲ್ಲಿ ಸುರಿಯುವಾಗ ಚಿತ್ರದುರ್ಗದಲ್ಲಿ ಬಿಸಿಲು ಎಂಬುದನ್ನು ಕಂಡವರು ನಾವು. ಅಲ್ಲಿನ ಪಶ್ಚಿಮದ ಗಡಿಯುದ್ದಕ್ಕೂ ಚುವಾಂಗ್ ಸನ್ ಎಂಬ ಬೆಟ್ಟಸಾಲು ಇದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಹನೋಯಿಗೂ ಸೈಗಾನಿಗೂ ಮಳೆ. ಆದರೆ ಈ ಬೆಟ್ಟದ ಮರೆಯಲ್ಲಿರುವ ಡಾ ನಾಂಗ್, ಹೋಯಿ ಆನ್ ಕಡೆ ಒಣ ಬಿಸಿಲು. ಅಕ್ಟೋಬರ್ ಬಂತೆಂದರೆ ಆಟ ತಿರುಗುತ್ತದೆ. ಚೆನ್ನೈಗೆ ಮಳೆ ತರುವ ಅದೇ ಈಶಾನ್ಯದ ಗಾಳಿ ಅಲ್ಲಿ ಸಮುದ್ರದಿಂದ ನೀರು ಹೊತ್ತು ತಂದು ನಡುಭಾಗದ ಕರಾವಳಿಗೆ ಸುರಿಯುತ್ತದೆ, ಜೊತೆಗೆ ಚಂಡಮಾರುತ. 2025ರ ಅಕ್ಟೋಬರ್ ಕೊನೆಯಲ್ಲಿ ಹ್ವೇ, ಹೋಯಿ ಆನ್ ಎರಡೂ ಊರುಗಳ ಬೀದಿಗಳಲ್ಲಿ ದೋಣಿ ಓಡಾಡಿದವು. ನಮ್ಮ ದಸರಾ, ದೀಪಾವಳಿ ರಜೆಗೆ ಸರಿಯಾಗಿ ಬರುವ ಈ ಹೊತ್ತಿನಲ್ಲೇ ‘ಆಫ್ ಸೀಸನ್ ರಿಯಾಯಿತಿ’ಯ ಜಾಹೀರಾತುಗಳೂ ಬರುತ್ತವೆ, ರಿಯಾಯಿತಿ ಯಾಕೆ ಎಂದು ಈಗ ತಿಳಿಯಿತಲ್ಲ.

ಸೈಗಾನ್ ಮತ್ತು ಅದರ ಕೆಳಗಿನ ಮೆಕಾಂಗ್ ಸೀಮೆಗೆ ನವೆಂಬರ್‌ನ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಹನೋಯಿಗೆ ಅಕ್ಟೋಬರ್, ನವೆಂಬರ್. ಡಿಸೆಂಬರ್–ಜನವರಿಯಲ್ಲಿ ಅಲ್ಲಿ ಚಳಿ. ಹದಿನೈದು ಡಿಗ್ರಿ ಎಂದರೆ ಏನು ಮಹಾ ಎನ್ನಿಸಬಹುದು, ಆದರೆ ತೇವದ ಚಳಿ ಎಲುಬಿಗೇ ಇಳಿಯುತ್ತದೆ, ಸಾಧಾರಣ ಹೋಟೆಲುಗಳಲ್ಲಿ ಹೀಟರ್ ಇರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ದಿನವಿಡೀ ಜಿನುಗುಮಳೆ. ಇಡೀ ದೇಶ ನೋಡಿಯೇ ತೀರುತ್ತೇನೆ ಎಂಬ ಹಟವಿದ್ದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಉತ್ತರ, ನಡು, ದಕ್ಷಿಣ ಮೂರೂ ತುಂಡು ಸಹನೀಯ. ಏಪ್ರಿಲ್ 30 ಮಾತ್ರ ಬೇಡ: 1975ರಲ್ಲಿ ಯುದ್ಧ ಮುಗಿದ ದಿನ ಅದು, ಮರುದಿನ ಮೇ ಡೇ, ಇಡೀ ದೇಶವೇ ಪ್ರವಾಸ ಹೊರಟಿರುತ್ತದೆ. ‘ತೆತ್’ ಎಂಬ ಅವರ ಹೊಸ ವರ್ಷವೂ ಬೇಡ. ಅದು ನಮ್ಮ ಯುಗಾದಿಗಿಂತ ಒಂದೆರಡು ತಿಂಗಳು ಮೊದಲು, ಅಮಾವಾಸ್ಯೆಯ ಲೆಕ್ಕದಲ್ಲೇ ಬರುವ ಹಬ್ಬ. 2027ರಲ್ಲಿ ಫೆಬ್ರವರಿ 6ಕ್ಕೆ. ಆಗ ಎಲ್ಲರೂ ತಮ್ಮ ತಮ್ಮ ಊರಿಗೆ ಹೊರಡುತ್ತಾರೆ. ರೈಲು, ಬಸ್ಸು ತುಂಬಿ, ಹೋಟೆಲು, ಅಂಗಡಿ ದಿನಗಟ್ಟಲೆ ಬಾಗಿಲು ಹಾಕಿರುತ್ತವೆ.

ವೀಸಾಕ್ಕೆ ಏಜೆಂಟರ ಅಗತ್ಯವಿಲ್ಲ. 2023ರ ಆಗಸ್ಟ್‌ನಿಂದ ತೊಂಬತ್ತು ದಿನಗಳ ಇ-ವೀಸಾ ಕೊಡುತ್ತಿದ್ದಾರೆ. ಒಂದು ಸಲ ಒಳಬರಲು 25 ಡಾಲರ್, ಹಲವು ಸಲಕ್ಕೆ 50. ಸರ್ಕಾರದ್ದೆಂಬಂತೆ ಕಾಣುವ ನಕಲಿ ಜಾಲತಾಣಗಳು ಬೇಕಾದಷ್ಟಿವೆ, ವಿಳಾಸದ ಕೊನೆಗೆ ‘ಜಿಒವಿ ಡಾಟ್ ವಿಎನ್’ ಇದ್ದರಷ್ಟೇ ಹಣ ಕಟ್ಟಿ. ಇಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ತೊಡಕಿದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದಿಲ್ಲ. ಊರು, ಅಪ್ಪನ ಹೆಸರು ಸೇರಿದ ಇನಿಷಿಯಲ್ಲೇ ಎಲ್ಲ. ಮಾವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅರ್ಜಿ ಬಿಡಬೇಕಲ್ಲ! ಇಂಥ ಕಡೆ ಬ್ಯಾಂಕಿನಲ್ಲಿ ಹೇಗಿದೆ, ಆಧಾರ್ ಕಾರ್ಡಿನಲ್ಲಿ ಹೇಗಿದೆ ಎಂದು ಯೋಚಿಸಬಾರದು. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳು ತುಂಬಿದ ಎರಡು ಸಾಲು ಇರುತ್ತದಲ್ಲ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಬೋರ್ಡಿಂಗ್ ಪಾಸ್ ಕೊಡದೆ ನಿಲ್ಲಿಸುತ್ತಾರೆ. ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಇಳಿಯುವ ನಿಲ್ದಾಣ, ಎಲ್ಲವನ್ನೂ ಇಬ್ಬರು ಕೂತು ಓದಿ ಕಳಿಸಿ. ತಪ್ಪಿದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಮೂರು ಕೆಲಸದ ದಿನ ಎನ್ನುತ್ತಾರೆ, ಎರಡು ವಾರ ಇಟ್ಟುಕೊಳ್ಳುವುದು ಕ್ಷೇಮ. ದಕ್ಷಿಣದ ಫು ಕ್ವಾಕ್ ದ್ವೀಪಕ್ಕೆ ಮಾತ್ರ ನೇರವಾಗಿ ಹೋಗಿ ಅಲ್ಲಿಂದಲೇ ಮರಳುವವರಿಗೆ ಮೂವತ್ತು ದಿನ ವೀಸಾ ಬೇಡ.

ದೇಶ ಉದ್ದ ಎಂದೆನಲ್ಲ, ದುಡ್ಡೂ ಉದ್ದವೇ. ನಮ್ಮ ಒಂದು ರೂಪಾಯಿಗೆ ಸುಮಾರು ಮುನ್ನೂರು ಡಾಂಗ್. ಇಳಿದ ಒಂದು ಗಂಟೆಯಲ್ಲಿ ಎಲ್ಲರೂ ಲಕ್ಷಾಧೀಶರು. ನಾವು ಕಂಡುಕೊಂಡ ಲೆಕ್ಕ ಇದು: ಕೊನೆಯ ಮೂರು ಸೊನ್ನೆ ಅಳಿಸಿ, ಉಳಿದದ್ದನ್ನು ಮೂರೂವರೆಯಿಂದ ಗುಣಿಸಿ, ಸ್ವಲ್ಪ ಕಡಿಮೆ ಮಾಡಿ. ಐವತ್ತು ಸಾವಿರ ಡಾಂಗಿನ ಊಟ ನೂರಾ ಎಪ್ಪತ್ತು ರೂಪಾಯಿ ಚಿಲ್ಲರೆ. ಅಲ್ಲಿಯವರೂ ಸೊನ್ನೆಗಳಿಂದ ಬೇಸತ್ತವರೇ. ಮಾತಿನಲ್ಲಿ ‘ಸಾವಿರ’ವನ್ನು ನುಂಗಿಬಿಡುತ್ತಾರೆ, ‘ಮೂವತ್ತು’ ಎಂದರೆ ಮೂವತ್ತು ಸಾವಿರ. ನೋಟುಗಳ ಮೇಲೆಲ್ಲ ಹೋ ಚಿ ಮಿನ್ ಮುಖ, ಹೆಚ್ಚಿನವು ಪ್ಲಾಸ್ಟಿಕ್. ಎಚ್ಚರ ಬೇಕಾದದ್ದು ಎರಡು ನೀಲಿ ನೋಟುಗಳ ಬಗ್ಗೆ: ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ಮೊದಲನೆಯದು ಎಪ್ಪತ್ತು ರೂಪಾಯಿ, ಎರಡನೆಯದು ಸಾವಿರದ ಏಳುನೂರು. ಹ್ವೇಯಲ್ಲಿ ಮಾವ ಎಳನೀರು ಕುಡಿದು ದೊಡ್ಡ ನೀಲಿಯನ್ನು ಕೊಟ್ಟು ಚಿಲ್ಲರೆಗೂ ಕಾಯದೆ ನಡೆದುಬಿಟ್ಟರು. ಮಾರುತ್ತಿದ್ದ ಅಜ್ಜಿ ಹಿಂದಿನಿಂದ ಕೂಗುತ್ತ ಬಂದು, ನೋಟನ್ನು ಅವರ ಅಂಗಿ ಜೇಬಿಗೇ ತುರುಕಿ, ಕೈಯಲ್ಲಿದ್ದ ಇನ್ನೊಂದು ನೀಲಿಯನ್ನು ಕಿತ್ತುಕೊಂಡು ಹೋದಳು. ಎಲ್ಲರೂ ಆ ಅಜ್ಜಿಯಾಗಿರುವುದಿಲ್ಲ. ಇಪ್ಪತ್ತು ಸಾವಿರದ ನೋಟಿನ ಹಿಂದೆ ಹೋಯಿ ಆನ್‌ನ ಮಾಡುಳ್ಳ ಜಪಾನಿ ಸೇತುವೆ ಇದೆ, ಐದು ಲಕ್ಷದ್ದರಲ್ಲಿ ಹೋ ಚಿ ಮಿನ್ ಬೆಳೆದ ಹಳ್ಳಿಮನೆ. ಸೇತುವೆ ಸಣ್ಣದು, ಮನೆ ದೊಡ್ಡದು ಎಂದು ಮಾವನಿಗೆ ಬಾಯಿಪಾಠ ಮಾಡಿಸಿದೆ. ರೂಪಾಯಿಯನ್ನು ಅಲ್ಲಿ ಬದಲಿಸುವುದು ಕಷ್ಟ. ಮಡಿಕೆಯಿಲ್ಲದ ಹೊಸ ಡಾಲರ್ ನೋಟು ಒಯ್ಯಿರಿ. ದೊಡ್ಡ ಹೋಟೆಲು ಬಿಟ್ಟರೆ ಕಾರ್ಡಿನ ನಂಬಿಕೆ ಬೇಡ.

ಈಗ ಊಟದ ವಿಷಯ. ಸಸ್ಯಾಹಾರಿಗಳು ಚಪಾತಿ, ಉಪ್ಪಿನಕಾಯಿ, ಎಂಟಿಆರ್ ಪೊಟ್ಟಣ ಪೆಟ್ಟಿಗೆ ತುಂಬ ತುಂಬಿಕೊಂಡು ಹೋಗಿ, ಇಂಡಿಯನ್ ರೆಸ್ಟೋರೆಂಟಿನಲ್ಲಿ ದುಬಾರಿ ಪನೀರ್ ತಿಂದು, ‘ಅಲ್ಲಿ ನಮಗೆ ತಿನ್ನೋಕೆ ಏನೂ ಸಿಗಲ್ಲ’ ಎಂದು ವರದಿ ಒಪ್ಪಿಸುವುದನ್ನು ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ವಿಯೆಟ್ನಾಂನಲ್ಲಿ ಬೌದ್ಧ ಸಸ್ಯಾಹಾರದ ಹಳೆಯ ಸಂಪ್ರದಾಯವಿದೆ, ಅದರ ಹೆಸರು ‘ಚಾಯ್’. ಹೋಟೆಲಿನ ಫಲಕದಲ್ಲಿ ‘ಕಮ್ ಚಾಯ್’ ಎಂದಿದ್ದರೆ ಸಸ್ಯಾಹಾರದ ಅನ್ನ. ಒಳಗೆ ಮೀನಿಲ್ಲ, ಮಾಂಸವಿಲ್ಲ, ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟದವರಿಗೂ ಒಪ್ಪುವಂಥದ್ದು. ‘ತೋಯ್ ಆನ್ ಚಾಯ್’ ಎಂದರೆ ನಾನು ಸಸ್ಯಾಹಾರಿ ಎಂದಂತೆ. ಇದು ನಮ್ಮ ಚಾಯ್ ಅಲ್ಲ ಎಂಬುದು ನೆನಪಿರಲಿ. ಅವರ ಟೀಗೆ ಉತ್ತರದಲ್ಲಿ ಹೇಳುವುದು ಬೇರೆ ರಾಗದ ‘ಚಾ’, ನಮ್ಮ ಕರಾವಳಿಯವರ ಹಾಗೇ.

ಎಡವುವುದೆಲ್ಲಿ? ಸಾಮಾನ್ಯ ಹೋಟೆಲಿಗೆ ಹೋಗಿ ‘ಮಾಂಸ ಬೇಡ’ ಎಂದಾಗ. ತಟ್ಟೆಯಲ್ಲಿ ಮಾಂಸವಿರುವುದಿಲ್ಲ ನಿಜ, ಆದರೆ ಸಾರು ಎಲುಬು ಬೇಯಿಸಿದ ನೀರು. ಸೊಪ್ಪಿನ ಪಲ್ಯಕ್ಕೆ ಹಾಕಿದ್ದು ‘ನುವೊಕ್ ಮಾಮ್’, ಅಂದರೆ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ರಸ. ಅವರಿಗದು ನಮಗೆ ಒಗ್ಗರಣೆ ಇದ್ದಂತೆ, ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ‘ಅದು ಬೇಡ, ಇದು ಬೇಡ’ ಎಂದು ಪಟ್ಟಿ ಹೇಳುವ ಬದಲು ಚಾಯ್ ಎಂಬ ಒಂದೇ ಪದ ಹಿಡಿಯಿರಿ. ಅದರ ಹಿಂದೆ ಧರ್ಮವಿದೆ, ಹಾಗಾಗಿ ಕೇಳಿದವರು ತಕ್ಷಣ ಗಂಭೀರವಾಗುತ್ತಾರೆ. ಉಚ್ಚಾರಣೆ ಕೈಕೊಡಬಹುದು, ಅದು ಆರು ರಾಗಗಳ ಭಾಷೆ. ‘ಮಾ’ ಎಂಬ ಒಂದೇ ಸದ್ದು ರಾಗ ಬದಲಾದಂತೆ ದೆವ್ವ, ಅಮ್ಮ, ಸಮಾಧಿ, ಭತ್ತದ ಸಸಿ ಎಲ್ಲ ಆಗುತ್ತದೆ. ಚೀಟಿಯಲ್ಲಿ ಅವರ ಲಿಪಿಯಲ್ಲೇ ಬರೆಸಿಟ್ಟುಕೊಂಡರೆ ಹಸಿವಿನ ಹೊತ್ತಿಗೆ ಸಂಗೀತ ಕಲಿಯುವ ಕಷ್ಟವಿಲ್ಲ.

ಇನ್ನೊಂದು ಗುಟ್ಟು ಗೋಡೆಯ ಕ್ಯಾಲೆಂಡರಿನಲ್ಲಿದೆ. ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಅಲ್ಲಿ ಬಹಳ ಜನ ಚಾಯ್ ಉಣ್ಣುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಒಂದು ದಿನ ಹಿಂದುಮುಂದಾಗಬಹುದು. ಉಳಿದ ದಿನ ಮಾಂಸ ಮಾರುವ ಬೀದಿಬದಿಯ ತಳ್ಳುಗಾಡಿಗಳೂ ಅಂದು ಚಾಯ್ ಫಲಕ ನೇತುಹಾಕುತ್ತವೆ. ಹೋಯಿ ಆನ್‌ನಲ್ಲಿ ಹುಣ್ಣಿಮೆಯ ಮುನ್ನಾದಿನ, ಅಂದರೆ ಹದಿನಾಲ್ಕರ ರಾತ್ರಿ, ಹಳೆಪೇಟೆಯ ವಿದ್ಯುದ್ದೀಪ ಆರಿಸಿ ಕಾಗದದ, ರೇಷ್ಮೆಯ ದೀಪಗಳನ್ನಷ್ಟೇ ಉರಿಸುತ್ತಾರೆ. ಹದಿನಾಲ್ಕರ ರಾತ್ರಿ ದೀಪ, ಹದಿನೈದರ ಬೆಳಿಗ್ಗೆ ಊಟ ಎಂದು ಲೆಕ್ಕ ಹಾಕಿಯೇ ಟಿಕೆಟ್ ಮಾಡಿಸಿದ್ದೆವು.

ಅಲ್ಲಿನ ಅಕ್ಕಿಯ ತಿಂಡಿಗಳ ಮುಂದೆ ಕೂತರೆ ಪರದೇಶ ಎನಿಸುವುದಿಲ್ಲ. ‘ಬುನ್’ ನಮ್ಮ ಒತ್ತುಶಾವಿಗೆ. ‘ಬಾನ್ ಹೋಯಿ’ ಎಳೆ ಇನ್ನೂ ಸಪೂರ, ಕೊಡಗಿನ ನೂಲ್‌ಪುಟ್ಟಿನ ಅಕ್ಕ ಅಥವಾ ತಂಗಿ. ‘ಬಾನ್ ಕುವೊನ್’ ಆವಿಯಲ್ಲಿ ಬೇಯಿಸಿ ಸುತ್ತಿದ ನೀರುದೋಸೆಯಂತಿರುತ್ತದೆ. ‘ಬಾನ್ ಸೆಯೊ’ ಅಕ್ಕಿಹಿಟ್ಟಿಗೆ ಅರಿಸಿನ ಬೆರೆಸಿ ಹುಯ್ಯುವ ದೋಸೆ. ಹೆಸರಿನಲ್ಲಿರುವ ಸೆಯೊ ಕಾದ ಬಾಣಲೆಗೆ ಹಿಟ್ಟು ಬಿದ್ದಾಗ ಬರುವ ಚುಂಯ್ ಸದ್ದು. ಎಳೆ ಹಲಸಿನಕಾಯಿಯ, ಬಾಳೆ ಹೂವಿನ ಕೋಸಂಬರಿ ಉಂಟು. ಎಲ್ಲಕ್ಕೂ ಚಾಯ್ ರೂಪ ಸಿಗುತ್ತದೆ. ಒಂದೇ ಎಚ್ಚರ: ಚಾಯ್ ಅಡುಗೆಯವರಿಗೆ ಸೋಯಾ, ಗೋಧಿಯ ಅಂಟಿನಿಂದ ಮಾಂಸದ ನಕಲು ಮಾಡುವ ಹುಚ್ಚು. ಹ್ವೇಯಲ್ಲಿ ತಲೆ, ಬಾಲ, ಪೊರೆ ಸಮೇತ ಒಂದು ‘ಮೀನು’ ಬಂದು ಕೂತಾಗ ಮಾವ ತಟ್ಟೆ ನೂಕಿಬಿಟ್ಟರು. ಅದು ಸೋಯಾ ಎಂದು ಒಪ್ಪಿಸುವಷ್ಟರಲ್ಲಿ ಆರಿಹೋಗಿತ್ತು.

ಕಾಫಿಗೆ ಬಂದಾಗ ಮಾವನ ಸಿಟ್ಟು ಅಲುಗಾಡತೊಡಗಿತು. ವಿಯೆಟ್ನಾಂ ಬ್ರೆಜಿಲ್ ನಂತರ ಜಗತ್ತಿನ ಎರಡನೇ ಅತಿದೊಡ್ಡ ಕಾಫಿ ಬೆಳೆಗಾರ ದೇಶ, ರೊಬಸ್ಟಾದಲ್ಲಿ ಮೊದಲನೆಯದು. ಕಾಳುಮೆಣಸಿನಲ್ಲೂ ಅದೇ ಮೊದಲು. ಫ್ರೆಂಚರು ಹತ್ತೊಂಬತ್ತನೇ ಶತಮಾನದಲ್ಲಿ ತಂದ ಗಿಡವಾದರೂ ಬೆಳೆ ಹೀಗೆ ಹಬ್ಬಿದ್ದು 1986ರ ‘ದೋಯ್ ಮೋಯ್’ ಆರ್ಥಿಕ ಸುಧಾರಣೆಯ ಮೇಲೆ. ಅವರ ಫಿಲ್ಟರ್ ‘ಫಿನ್’, ಲೋಟದ ಮೇಲೆ ಟೋಪಿಯಂತೆ ಕೂರುತ್ತದೆ, ಹನಿಹನಿಯಾಗಿ ಇಳಿಯುತ್ತದೆ. ನಾವು ಚಿಕೋರಿ ಬೆರೆಸಿದರೆ ಅವರು ಹುರಿಯುವಾಗ ಬೆಣ್ಣೆ ಸವರುತ್ತಾರೆ. ತಾಜಾ ಹಾಲು ಅಪರೂಪವಾಗಿದ್ದ ಕಾಲದಲ್ಲಿ ಶುರುವಾದ ಕಂಡೆನ್ಸ್ಡ್ ಮಿಲ್ಕ್ ರೂಢಿ ಹಾಗೇ ಉಳಿದಿದೆ; ಸಿಹಿ ಬೇಡವೆಂದರೆ ‘ಕಾ ಫೆ ಡೆನ್’, ಕಪ್ಪು ಕಾಫಿ ಕೇಳಿ. ಮಧ್ಯದ ಎತ್ತರದ ಸೀಮೆಯಲ್ಲಿರುವ ಬುವಾನ್ ಮಾ ತುವತ್ ಕಾಫಿಯ ರಾಜಧಾನಿ. ಪ್ರವಾಸಿಗಳು ಅತ್ತ ಸುಳಿಯುವುದು ಕಡಿಮೆ, ಆದರೆ ನಮ್ಮ ಬೆಳೆಗಾರರು ಹೋಗಲೇಬೇಕಾದ ಊರು. ಮಾವ ಅಲ್ಲಿ ಎರಡು ದಿನ ನನ್ನನ್ನು ತೋಟದಿಂದ ತೋಟಕ್ಕೆ ಎಳೆದಾಡಿದರು. ನೆರಳಿನ ಮರವೇ ಇಲ್ಲದ ಬಟಾಬಯಲಿನಲ್ಲಿ ಕಾಫಿ. ಗಿಡದ ಬುಡಬುಡಕ್ಕೆ ಪೈಪು ಹಿಡಿದು ನೀರುಣ್ಣಿಸುವ ಹೆಂಗಸರು. ಇಟ್ಟಿಗೆಯಲ್ಲಿ ಕಟ್ಟಿದ ದುಂಡು ಕಂಬಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. “ಮರ ಇಲ್ದೆ ಕಂಬಕ್ಕೆ ಬಳ್ಳಿ ಬಿಟ್ಟಿದಾರಲ್ಲ ಮಾರಾಯ” ಎಂದು ಒಂದೊಂದು ಕಂಬವನ್ನೂ ತಬ್ಬಿ ಅಳತೆ ತೆಗೆದರು.

ಓಡಾಟದ ಬಗ್ಗೆ. ಹತ್ತು ಕೋಟಿ ಜನರ ದೇಶದಲ್ಲಿ ಏಳು ಕೋಟಿಗೂ ಹೆಚ್ಚು ಮೋಟರ್‌ಬೈಕುಗಳಿವೆ. ರಸ್ತೆ ದಾಟುವಾಗ ಬೈಕು ನಿಲ್ಲಲಿ ಎಂದು ಕಾದರೆ ಸಂಜೆಯಾಗುತ್ತದೆ. ನಿಧಾನಕ್ಕೆ, ಒಂದೇ ಸಮನೆ ನಡೆಯುತ್ತ ಹೋಗಬೇಕು. ಅವರು ನಿಮ್ಮ ವೇಗ ನೋಡಿ ಸುತ್ತ ಹರಿದುಹೋಗುತ್ತಾರೆ. ನಡುವೆ ಓಡುವುದು, ಹಿಂದಕ್ಕೆ ಜಿಗಿಯುವುದು ಅಪಾಯ. ಮೆಜೆಸ್ಟಿಕ್ಕಿನಲ್ಲಿ ಪಳಗಿದವರಿಗೆ ಅರ್ಧ ವಿದ್ಯೆ ಬಂದೇ ಇರುತ್ತದೆ. ಆದರೆ ಕಾರು, ಬಸ್ಸಿಗೆ ಈ ನಂಬಿಕೆ ಬೇಡ. ಗ್ರ್ಯಾಬ್ ಆ್ಯಪನ್ನು ಊರಿನಲ್ಲೇ, ನಮ್ಮ ನಂಬರಿಗೆ ಒಟಿಪಿ ಬರುವಾಗಲೇ ಹಾಕಿಕೊಂಡರೆ ಟ್ಯಾಕ್ಸಿ ಜಗಳ ತಪ್ಪುತ್ತದೆ. ಸೈಗಾನಿನಲ್ಲಿ ರಸ್ತೆ ಅಂಚಿಗೆ ನಿಂತು ಫೋನ್ ನೋಡಬೇಡಿ, ಬೈಕಿನಲ್ಲಿ ಬಂದು ಕಿತ್ತೊಯ್ಯುವವರಿದ್ದಾರೆ.

ಬಾಡಿಗೆ ಬೈಕು ಹತ್ತುವ ಆಸೆಯಿದ್ದವರು ಇದನ್ನು ಎರಡು ಸಲ ಓದಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಅಂಗಡಿಯವನು ಏನೂ ಕೇಳದೆ ಕೀಲಿ ಕೊಡುತ್ತಾನೆ. ಬಿದ್ದು ಕಾಲು ಮುರಿದಾಗ ವಿಮೆಯವರು ಎಲ್ಲವನ್ನೂ ಕೇಳುತ್ತಾರೆ. ಐವತ್ತು ಸಿಸಿಯೊಳಗಿನ ಗಾಡಿ ಅಥವಾ ಸವಾರನ ಹಿಂದೆ ಕೂರುವುದು, ಇವೆರಡೇ ನೇರ ದಾರಿ.

ರಾತ್ರಿ ಸ್ಲೀಪರ್ ಬಸ್ಸು ನಮಗೆ ಹೊಸತಲ್ಲ. ಹತ್ತುವಾಗ ಚಪ್ಪಲಿ ಬಿಚ್ಚಿ ಕೊಟ್ಟ ಚೀಲದಲ್ಲಿ ಹಾಕಬೇಕು, ಮೂರು ಸಾಲು ಮಲಗುವ ಸೀಟು, ಆರಡಿ ಎತ್ತರದವರಿಗೆ ಶಿಕ್ಷೆ. ನನ್ನ ಓಟು ರೈಲಿಗೆ. ಫ್ರೆಂಚರು 1936ರಲ್ಲಿ ಪೂರ್ತಿಗೊಳಿಸಿದ ಹಾದಿ, ಯುದ್ಧದಲ್ಲಿ ತುಂಡಾಗಿ 1976ರ ಕೊನೆಯಲ್ಲಿ ಮತ್ತೆ ಕೂಡಿತು. ಇಂದಿಗೂ ಮೀಟರ್ ಗೇಜ್. ಬೆಂಗಳೂರು–ಮೈಸೂರು ನಡುವೆ ಸಣ್ಣ ಗಾಡಿಯಲ್ಲಿ ತೂಗಾಡಿಕೊಂಡು ಹೋದ ನೆನಪಿರುವವರಿಗೆ ಆ ಕುಲುಕಾಟ ಗುರುತು ಹತ್ತುತ್ತದೆ. ತುದಿಯಿಂದ ತುದಿಗೆ ಮೂವತ್ತು ಗಂಟೆ ಮೀರುತ್ತದೆ, ಅಷ್ಟು ಬೇಡ. ಹ್ವೇಯಿಂದ ಡಾ ನಾಂಗ್‌ಗೆ ಎರಡೂವರೆ, ಮೂರು ಗಂಟೆ. ಹಾಯ್ ವಾನ್ ಘಟ್ಟವನ್ನು ಸಮುದ್ರದ ನೆತ್ತಿಯ ಮೇಲೆ ಸುತ್ತುತ್ತ ಹೋಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಕಡಲ ಮೋಡ ಎಂಬ ಹೆಸರಿನ ಆ ಘಟ್ಟವೇ ಉತ್ತರದ ಚಳಿಯನ್ನು ತಡೆಯುವ ಗೋಡೆ. ಒಂದು ಸುರಂಗದ ಆಚೆ ಮಂಜು, ಈಚೆ ಬಿಸಿಲು ಇದ್ದದ್ದನ್ನು ನಾವೇ ಕಂಡೆವು.

ಡಾ ನಾಂಗ್‌ಗೆ ಹೋದ ಭಾರತೀಯರೆಲ್ಲ ಬಾ ನಾ ಗುಡ್ಡದ ಮೇಲಿನ ಚಿನ್ನದ ಸೇತುವೆಗೆ ಓಡುತ್ತಾರೆ. ಎರಡು ಪಾಚಿಗಟ್ಟಿದ ಕಲ್ಲಿನ ಕೈಗಳು ಸೇತುವೆ ಎತ್ತಿಹಿಡಿದ ಆ ಫೋಟೋ ನೀವೂ ನೋಡಿರುತ್ತೀರಿ. 2018ರಲ್ಲಿ ಕಟ್ಟಿದ್ದು, ಕೈಗಳು ಕಲ್ಲಲ್ಲ, ತಂತಿಬಲೆ ಮತ್ತು ಫೈಬರ್‌ಗ್ಲಾಸ್. ಒಂದು ಸೆಲ್ಫಿಗೆ ಅರ್ಧ ದಿನ. ಅದೇ ಅರ್ಧ ದಿನವನ್ನು ಮೀ ಸನ್‌ಗೆ ಕೊಡಿ ಎಂಬುದು ನನ್ನ ಜಗಳ. ಹೋಯಿ ಆನ್‌ನಿಂದ ಸುಮಾರು ನಲವತ್ತು ಕಿಲೋಮೀಟರ್, ಬೆಟ್ಟದ ಬಟ್ಟಲಿನೊಳಗೆ ಚಾಮ್ ಜನರ ಚಂಪಾ ಅರಸರ ಶಿವಾಲಯಗಳ ಗುಂಪು. ನಾಲ್ಕನೇ ಶತಮಾನದ ಕೊನೆಯಲ್ಲಿ ಭದ್ರವರ್ಮ ಎಂಬ ದೊರೆ ಇಲ್ಲಿ ಭದ್ರೇಶ್ವರ ಲಿಂಗ ಸ್ಥಾಪಿಸಿದ. ಆ ಗುಡಿ ಸುಟ್ಟುಹೋದ ಮೇಲೆ ಏಳನೇ ಶತಮಾನದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿ ತನ್ನ ಹೆಸರನ್ನೂ ಸೇರಿಸಿ ಶಂಭುಭದ್ರೇಶ್ವರ ಎಂದ. ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೇ ಕಾಣದು. ಶಾಸನಗಳು ಸಂಸ್ಕೃತ ಮತ್ತು ಚಾಮ್ ಭಾಷೆಯಲ್ಲಿವೆ, ಕಾಲಗಣನೆ ಶಕ ವರ್ಷದಲ್ಲಿ. ಬಾದಾಮಿಯ ಶಾಸನ ಓದಿದವರಿಗೆ ಆ ಲೆಕ್ಕ ಮನೆಯದೇ.

1969ರಲ್ಲಿ ಅಮೆರಿಕದ ಬಾಂಬಿಗೆ ಇಲ್ಲಿನ ಅತಿದೊಡ್ಡ ಗೋಪುರ ಪುಡಿಯಾಯಿತು. ಬಾಂಬು ಬಿದ್ದ ಗುಂಡಿಗಳು ಈಗಲೂ ಹುಲ್ಲು ಬೆಳೆದು ಗುಡಿಗಳ ನಡುವೆ ಇವೆ. ಯುದ್ಧದ ನಂತರ ನೆಲಬಾಂಬುಗಳನ್ನು ತೆಗೆದ ಮೇಲೆ ಉಳಿದದ್ದನ್ನು ಎತ್ತಿ ನಿಲ್ಲಿಸಿದವನು ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್‌ಸ್ಕಿ. ಯುನೆಸ್ಕೊ ಪಟ್ಟಿಗೆ ಸೇರಿದ್ದು 1999ರಲ್ಲಿ. 2017ರಿಂದ 2022ರವರೆಗೆ ಮೂರು ಗುಡಿಗುಂಪುಗಳ ದುರಸ್ತಿ ಮಾಡಿದ್ದು ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ; ಆ ಕೆಲಸದಲ್ಲೇ 2020ರ ಮೇ ತಿಂಗಳಲ್ಲಿ ಏಕಶಿಲೆಯ ಒಂದು ಮರಳುಗಲ್ಲಿನ ಲಿಂಗ ಮಣ್ಣಿನಿಂದ ಎದ್ದಿತು. ಬೆಳಿಗ್ಗೆ ಏಳರೊಳಗೆ ಅಲ್ಲಿರಿ. ಒಂಬತ್ತಕ್ಕೆ ಬಸ್ಸುಗಳು ಬರುತ್ತವೆ, ಹತ್ತಕ್ಕೆ ಇಟ್ಟಿಗೆ ಕಾಯುತ್ತದೆ. ಕೆತ್ತನೆಗಳಲ್ಲಿ ಉತ್ತಮವಾದವು ಡಾ ನಾಂಗ್‌ನ ಚಾಮ್ ಶಿಲ್ಪ ವಸ್ತುಸಂಗ್ರಹಾಲಯದಲ್ಲಿವೆ, ಅದನ್ನು ಮೊದಲು ನೋಡಿ ಹೋದರೆ ಖಾಲಿ ಗರ್ಭಗುಡಿಗಳಲ್ಲಿ ಏನಿತ್ತೆಂದು ತಿಳಿಯುತ್ತದೆ. ಚಾಮ್ ಜನ ಮುಗಿದುಹೋದವರಲ್ಲ. ದಕ್ಷಿಣದ ಫಾನ್ ರಾಂಗ್ ಬಳಿ ಪೋ ಕ್ಲಾಂಗ್ ಗರಾಯ್ ಗೋಪುರದಲ್ಲಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ‘ಕಾತೆ’ ಹಬ್ಬ ನಡೆಯುತ್ತದೆ, ಪೂಜೆ ಮಾಡುವವರು ‘ಬಾಲಮೋನ್’ ಎಂದು ಕರೆಸಿಕೊಳ್ಳುವ ಚಾಮರು. ಹೆಸರಿನೊಳಗೆ ಯಾವ ಪದ ಅಡಗಿದೆ ಎಂದು ಹೇಳಬೇಕಿಲ್ಲ.

ಹಾ ಲಾಂಗ್ ಕೊಲ್ಲಿಗೆ ನಾವು ಹೋಗಲಿಲ್ಲ, ಹೋಗುವವರಿಗೆ ಒಂದೇ ಮಾತು. 2025ರ ಜುಲೈನಲ್ಲಿ ದಿಢೀರ್ ಬಿರುಗಾಳಿಗೆ ಅಲ್ಲೊಂದು ಪ್ರವಾಸಿ ದೋಣಿ ಮಗುಚಿ ಹಲವರು ಸತ್ತರು. ಹವೆ ಸರಿಯಿಲ್ಲ ಎಂದು ದೋಣಿ ರದ್ದುಮಾಡಿದರೆ ದುಡ್ಡಿಗಾಗಿ ವಾದಿಸಬೇಡಿ. ಹನೋಯಿಯಲ್ಲಿ ಹೋ ಚಿ ಮಿನ್ ಸಮಾಧಿ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ, ತೆರೆದ ದಿನವೂ ಬೆಳಿಗ್ಗೆ ಮಾತ್ರ. ಬರ್ಮುಡಾ ಚಡ್ಡಿಯಲ್ಲಿ ಬಿಡುವುದಿಲ್ಲ.

ಉಳಿದ ಸಣ್ಣಪುಟ್ಟವು. ಹೋಟೆಲಿನವರು ಪೊಲೀಸರಿಗೆ ವಿವರ ಕೊಡಬೇಕಾದ್ದರಿಂದ ಪಾಸ್‌ಪೋರ್ಟ್ ಕೇಳುತ್ತಾರೆ, ಪ್ರತಿ ತೆಗೆದ ಮೇಲೆ ವಾಪಸ್ ಪಡೆಯಲು ಮರೆಯಬೇಡಿ. 2025ರ ಜುಲೈ 1ರಿಂದ 63 ಪ್ರಾಂತ್ಯಗಳನ್ನು 34ಕ್ಕೆ ಇಳಿಸಿ ಜಿಲ್ಲೆ ಎಂಬ ಹಂತವನ್ನೇ ತೆಗೆದಿದ್ದಾರೆ. ಹೋಯಿ ಆನ್ ಈಗ ಡಾ ನಾಂಗ್‌ನೊಳಗೆ. ಹಳೆಯ ವಿಳಾಸ, ಹೊಸ ವಿಳಾಸ ಎರಡೂ ಚಲಾವಣೆಯಲ್ಲಿರುವುದರಿಂದ ನಕಾಶೆಯಲ್ಲಿ ಗುರುತು ಹಾಕಿಟ್ಟುಕೊಳ್ಳುವುದೇ ಮೇಲು. ನಮ್ಮ ಎರಡು ಪಿನ್ನಿನ ಚಾರ್ಜರ್ ನಡೆಯುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ನಲ್ಲಿ ನೀರು ಕುಡಿಯಬಾರದು. ಶೌಚಾಲಯಗಳಲ್ಲಿ ನೀರಿನ ಪೈಪು ಇದ್ದೇ ಇರುತ್ತದೆ, ಯುರೋಪಿಗೆ ಹೋಗಿ ಕಷ್ಟಪಟ್ಟವರಿಗೆ ಇದರ ಬೆಲೆ ಗೊತ್ತು. ಪೊಲೀಸರಿಗೆ 113, ಆಂಬುಲೆನ್ಸಿಗೆ 115. ನಮ್ಮ ರಾಯಭಾರ ಕಚೇರಿ ಹನೋಯಿಯಲ್ಲಿದೆ, ಕಾನ್ಸುಲೇಟ್ ಸೈಗಾನಿನಲ್ಲಿ.

ಮರಳುವ ಹಿಂದಿನ ರಾತ್ರಿ ಸೈಗಾನಿನ ಹೋಟೆಲಿನಲ್ಲಿ ಮಾವನ ಪೆಟ್ಟಿಗೆ ಮುಚ್ಚಲು ಕೂತಾಗ ಒದ್ದೆ ಪಂಚೆಯೊಳಗೆ ಏನೋ ಸುತ್ತಿಟ್ಟದ್ದು ಕಂಡಿತು. ಬಿಚ್ಚಿದರೆ ನಾಲ್ಕು ಗೆಣ್ಣಿನ ಮೆಣಸಿನ ಬಳ್ಳಿ. ಪರದೇಶದಿಂದ ಗಿಡ, ಬಳ್ಳಿ, ಬೀಜ ತರಲು 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಎಲ್ಲ ಬೇಕು. ಸುಮ್ಮನೆ ತಂದರೆ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ತಪ್ಪಿಸಿ ತಂದರೆ ಅದರ ಜೊತೆ ಬಂದ ರೋಗ ಮೊದಲು ಹಬ್ಬುವುದು ನಿಮ್ಮ ತೋಟಕ್ಕೇ ಎಂದೆ. ಸೊರಗು ರೋಗಕ್ಕೆ ಒಂದೆಕರೆ ಬಳ್ಳಿ ಕಳೆದುಕೊಂಡವರು ಅವರು, ಮರುಮಾತಾಡದೆ ಬಳ್ಳಿಯನ್ನು ಕಸದ ಬುಟ್ಟಿಗೆ ಹಾಕಿದರು. ಹುರಿದ ಕಾಫಿಪುಡಿ, ಎರಡು ಫಿನ್ ಪೆಟ್ಟಿಗೆಯಲ್ಲಿ ಉಳಿದವು. ಊರು ಸೇರಿ ವಾರವಾದ ಮೇಲೆ ಅತ್ತೆ ಫೋನ್ ಮಾಡಿದ್ದರು. ಇಟ್ಟಿಗೆ ಕಂಬಕ್ಕೆ ಒಂದಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಲು ಮಾವ ಬಾಳೆಹೊನ್ನೂರಿನಿಂದ ಗಾರೆ ಮೇಸ್ತ್ರಿಯನ್ನು ಕರೆಸಿದ್ದಾರಂತೆ.